ಸಾಹಿತ್ಯವಿಲ್ಲದ ಒಂದು ಗಂಟೆ: ವಿಸಿಎಂಜಿ ಆಲ್ಬಂ ಕೇಳೋದು ಹೇಗೆ?

ಹಾಡಿನ ಲಿರಿಕ್ಸ್‌ಗೆ ಕನ್ನಡದಲ್ಲಿ ನಾವು 'ಸಾಹಿತ್ಯ' ಅಂತೀವಿ. ಸಿನಿಮಾ ಪೋಸ್ಟರ್‌ನಲ್ಲಿ ಸಾಹಿತ್ಯ ಇಂಥವರದ್ದು, ಸಂಗೀತ ಇಂಥವರದ್ದು ಅಂತ ಬರುತ್ತಲ್ಲ, ಅದೇ. ಹಾಗಾದ್ರೆ ಹಾಡೋಕೆ ಒಂದೇ ಒಂದು ಪದವೂ ಇಲ್ಲದ ಆಲ್ಬಂ ಬಗ್ಗೆ ಕನ್ನಡ ಸಂಘದ ಪತ್ರಿಕೆಯಲ್ಲಿ ಬರೆಯೋದಕ್ಕೆ ಏನಿದೆ? ಅದೂ ಇಂಗ್ಲೆಂಡಿನವರು ಮಾಡಿದ್ದು, ಟೆಕ್ನೋ ಬೇರೆ!

ಬಹಳ ಇದೆ ಅನ್ನೋದು ನಮ್ಮ ವಾದ. ಆಲ್ಬಂ ಹೆಸರು 'ಸ್‌ಸ್‌ಸ್‌ಸ್'. 2012ರ ಮಾರ್ಚ್‌ನಲ್ಲಿ ಮ್ಯೂಟ್ ರೆಕಾರ್ಡ್ಸ್‌ನಿಂದ ಬಂತು. ಮಾಡಿದವರು ವಿನ್ಸ್ ಕ್ಲಾರ್ಕ್ ಮತ್ತು ಮಾರ್ಟಿನ್ ಗೋರ್. ಇಬ್ಬರ ಹೆಸರಿನ ಮೊದಲ ಅಕ್ಷರಗಳನ್ನ ಸೇರಿಸಿ ಜೋಡಿಗೆ 'ವಿಸಿಎಂಜಿ' ಅಂತ ಹೆಸರಿಟ್ಟುಕೊಂಡರು. ಇಬ್ಬರೂ ಪ್ರಪಂಚಕ್ಕೆ ಗೊತ್ತಿರೋದು ಪದ ಇರುವ ಹಾಡುಗಳಿಂದ, ಬಾಯಲ್ಲಿ ಗುನುಗಬಹುದಾದ ರಾಗಗಳಿಂದ. ಐವತ್ತರ ಆಸುಪಾಸಿನಲ್ಲಿ ಅವೆರಡನ್ನೂ ಪಕ್ಕಕ್ಕಿಟ್ಟು, ಸುಮಾರು ಒಂದು ಗಂಟೆಯ 10 ಟ್ರ್ಯಾಕ್‌ಗಳನ್ನ ಬರೀ ಶಬ್ದದಲ್ಲಿ ಕಟ್ಟಿದರು. ಯಾಕೆ ಕಟ್ಟಿದರು, ಹೇಗೆ ಕಟ್ಟಿದರು, ಅದನ್ನ ಕೇಳೋದು ಹೇಗೆ ಅನ್ನೋದೇ ಈ ಪಾಠ. ಇದಕ್ಕೆ ಸಂಗೀತ ಕಲಿತಿರಬೇಕಿಲ್ಲ. ಮೊದಲ ವರ್ಷದ ಗಣಿತ, ಸ್ವಲ್ಪ ಸಿಗ್ನಲ್ಸ್, ಒಂದು ಒಳ್ಳೆಯ ಹೆಡ್‌ಫೋನ್ ಇದ್ರೆ ಸಾಕು.

ಇಬ್ಬರು ಹುಡುಗರು, ಮೂವತ್ತು ವರ್ಷ

ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ ಬ್ಯಾಸಿಲ್ಡನ್ ಅಂತ ಒಂದು ಊರಿದೆ. 1980ರಲ್ಲಿ ಅಲ್ಲಿಯ ಹುಡುಗರು ಸೇರಿ ಡಿಪೆಶ್ ಮೋಡ್ ಅನ್ನೋ ಬ್ಯಾಂಡ್ ಶುರು ಮಾಡಿದರು: ವಿನ್ಸ್ ಕ್ಲಾರ್ಕ್, ಮಾರ್ಟಿನ್ ಗೋರ್, ಆಂಡಿ ಫ್ಲೆಚರ್, ಡೇವ್ ಗಾಹನ್. ಗಿಟಾರ್ ಬದಲು ಸಿಂಥಸೈಜರ್. ಡೇನಿಯಲ್ ಮಿಲ್ಲರ್ ಅನ್ನೋರು ನಡೆಸ್ತಿದ್ದ ಮ್ಯೂಟ್ ಅನ್ನೋ ಚಿಕ್ಕ ಕಂಪನಿಯಿಂದ 1981ರಲ್ಲಿ ಮೊದಲ ಆಲ್ಬಂ 'ಸ್ಪೀಕ್ ಅಂಡ್ ಸ್ಪೆಲ್' ಬಂತು. ಅದರಲ್ಲಿ ಹೆಚ್ಚಿನ ಹಾಡುಗಳನ್ನ ಬರೆದದ್ದು ಕ್ಲಾರ್ಕ್. ಗೋರ್ ಬರೆದದ್ದು ಎರಡೇ ಎರಡು, ಅದರಲ್ಲೂ ಒಂದು ಪದವಿಲ್ಲದ ವಾದ್ಯದ ಟ್ರ್ಯಾಕ್.

ಆಲ್ಬಂ ಗೆದ್ದಿತು. ಗೆದ್ದ ಕೂಡಲೇ ಕ್ಲಾರ್ಕ್ ಬ್ಯಾಂಡ್ ಬಿಟ್ಟರು! ಆಗ ಅವರಿಗೆ 21, ಗೋರ್‌ಗೆ 20. ಅಂದರೆ ನಮ್ಮ ಕ್ಯಾಂಪಸ್ಸಿನ ಮೂರನೇ ವರ್ಷ, ಕೊನೆಯ ವರ್ಷದವರ ವಯಸ್ಸು. ಗ್ರೂಪ್ ಪ್ರಾಜೆಕ್ಟಿನಲ್ಲಿ ಮುಖ್ಯ ಕೆಲಸವೆಲ್ಲ ಮಾಡ್ತಿದ್ದವನೇ ಎದ್ದು ಹೋದ್ರೆ ಉಳಿದವರ ಗತಿ ಏನು? ಇಲ್ಲಿ ಆದದ್ದು ವಿಚಿತ್ರ. ಉಳಿದವರಲ್ಲಿ ಗೋರ್ ಪೆನ್ನು ಹಿಡಿದರು, ಮುಂದೆ ಡಿಪೆಶ್ ಮೋಡ್ ಸ್ಟೇಡಿಯಂ ತುಂಬಿಸೋ ಬ್ಯಾಂಡ್ ಆಯ್ತು. 1990ರ 'ಎಂಜಾಯ್ ದ ಸೈಲೆನ್ಸ್' ಅವರದ್ದೇ ರಚನೆ. ಹೊರಗೆ ಹೋದ ಕ್ಲಾರ್ಕ್ ಕೂಡ ಸುಮ್ಮನಿರಲಿಲ್ಲ. ಗಾಯಕಿ ಆಲಿಸನ್ ಮೊಯೆ ಜೊತೆ ಯಾಜೂ, ಆಮೇಲೆ 1985ರಿಂದ ಗಾಯಕ ಆಂಡಿ ಬೆಲ್ ಜೊತೆ ಎರೇಷರ್. ಇಬ್ಬರೂ ಗೆದ್ದರು, ಆದ್ರೆ ಬೇರೆ ಬೇರೆಯಾಗಿ. 1981ರಿಂದ ಮೂವತ್ತು ವರ್ಷ ಇಬ್ಬರೂ ಒಟ್ಟಿಗೆ ಒಂದೂ ಟ್ರ್ಯಾಕ್ ಮಾಡಲಿಲ್ಲ.

ಈ ಮೂವತ್ತು ವರ್ಷವನ್ನ ಮನಸ್ಸಲ್ಲಿ ಇಟ್ಕೊಳ್ಳಿ. ಆಲ್ಬಂನಲ್ಲಿ ಮಾತಿಲ್ಲ ಅನ್ನೋದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ನಮಗನ್ಸುತ್ತೆ.

ಒಂದು ಆಟಿಕೆ, ಒಂದು 'ಸ್'

ಮೊದಲ ಆಲ್ಬಂನ ಹೆಸರು ಬಂದದ್ದು ಒಂದು ಆಟಿಕೆಯಿಂದ. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ 1978ರಲ್ಲಿ 'ಸ್ಪೀಕ್ ಅಂಡ್ ಸ್ಪೆಲ್' ಅನ್ನೋ ಆಟಿಕೆ ತಂದಿತ್ತು. ಅದು ಒಂದು ಪದ ಹೇಳುತ್ತೆ, ಮಗು ಅದರ ಸ್ಪೆಲ್ಲಿಂಗ್ ಒತ್ತಬೇಕು. ವಿಶೇಷ ಏನಪ್ಪಾ ಅಂದ್ರೆ, ಅದರೊಳಗೆ ಟೇಪ್ ಇರಲಿಲ್ಲ. ಒಂದೇ ಚಿಪ್ ಮನುಷ್ಯರ ದನಿಯನ್ನ ಲೆಕ್ಕ ಹಾಕಿ ಹುಟ್ಟಿಸ್ತಿತ್ತು. ಆ ವಿಧಾನಕ್ಕೆ ಲೀನಿಯರ್ ಪ್ರಿಡಿಕ್ಟಿವ್ ಕೋಡಿಂಗ್ ಅಂತಾರೆ.

ಅದರ ತತ್ವ ನಮ್ಮ ಬಾಯಲ್ಲೇ ಇದೆ. ಗಂಟಲ ಮೇಲೆ ಎರಡು ಬೆರಳಿಟ್ಟು 'ಆ...' ಅನ್ನಿ. ಬೆರಳಿಗೆ ಕಂಪನ ಸಿಗುತ್ತೆ. ಈಗ 'ಸ್...' ಅನ್ನಿ. ಕಂಪನ ನಿಂತುಹೋಗುತ್ತೆ, ಬರೀ ಗಾಳಿ. 'ಆ' ಅನ್ನೋದು ಆವರ್ತಕ ಸಿಗ್ನಲ್, ಒಂದೇ ಆಕಾರ ಮತ್ತೆ ಮತ್ತೆ ಬರುತ್ತೆ. 'ಸ್' ಅನ್ನೋದು ನಾಯ್ಸ್, ಅದಕ್ಕೆ ನಿಶ್ಚಿತ ಆವರ್ತ ಇಲ್ಲ. ನಮ್ಮ ವ್ಯಾಕರಣ ಇದನ್ನ ಎಷ್ಟೋ ಹಿಂದೆಯೇ ಬೇರೆ ಮಾಡಿ ಇಟ್ಟಿದೆ: ಅ, ಆ, ಇ, ಈ ಸ್ವರಗಳು, ಶ, ಷ, ಸ, ಹ ಊಷ್ಮಗಳು. ಸಂಗೀತದ ಸ್ವರಕ್ಕೂ ಅಕ್ಷರಮಾಲೆಯ ಸ್ವರಕ್ಕೂ ಕನ್ನಡದಲ್ಲಿ ಒಂದೇ ಪದ ಇರೋದನ್ನ ಗಮನಿಸಿ. ನಮ್ಮ ಮಟ್ಟಿಗೆ ಅದು ಸುಮ್ಮನೆ ಬಂದದ್ದಲ್ಲ. ಎಳೆದು ಹಾಡಬಹುದಾದದ್ದು, ಶ್ರುತಿಗೆ ನಿಲ್ಲೋದು ಸ್ವರ.

ಆ ಆಟಿಕೆಯ ಚಿಪ್ ಮಾಡ್ತಿದ್ದದ್ದೂ ಇಷ್ಟೇ. ಒಳಗೆ ಎರಡು ಮೂಲ: ಸ್ವರಗಳಿಗೆ ಪಲ್ಸ್‌ಗಳ ಸಾಲು, 'ಸ್' ಥರದ ಅಕ್ಷರಗಳಿಗೆ ನಾಯ್ಸ್. ಎರಡರಲ್ಲಿ ಒಂದನ್ನ ಆರಿಸಿ 10ನೇ ಆರ್ಡರ್‌ನ ಒಂದು ಡಿಜಿಟಲ್ ಫಿಲ್ಟರ್ ಮೂಲಕ ಹಾಯಿಸೋದು. ಫಿಲ್ಟರ್ ಅಂದ್ರೆ ಇಲ್ಲಿ ನಾಲಿಗೆ, ಹಲ್ಲು, ತುಟಿಯ ಆಕಾರ. ಮೂಲ, ಆಮೇಲೆ ಫಿಲ್ಟರ್. ಸಿಂಥಸೈಜರ್‌ನ ಹೊಟ್ಟೆಯೊಳಗೂ ಇದೇ ಜೋಡಿ.

ಮಾತಾಡೋ ಆಟಿಕೆಯ ಹೆಸರಿನ ಆಲ್ಬಂನಿಂದ ಜೊತೆಯಾದವರು, ಮೂವತ್ತು ವರ್ಷದ ಮೇಲೆ ಮಾತೇ ಇಲ್ಲದ ಆಲ್ಬಂಗೆ ಬರೀ 'ಸ್' ಅಂತ ಹೆಸರಿಟ್ಟರು. ಅವರು ಹೀಗೆಲ್ಲ ಯೋಚಿಸಿ ಇಟ್ಟರು ಅಂತ ನಾವು ಹೇಳ್ತಿಲ್ಲ, ಇದು ನಮ್ಮ ಓದು. ಆದ್ರೆ ಮಾತಿನಿಂದ ಸ್ವರ ತೆಗೆದು, ಪದ ತೆಗೆದು, ಕೊನೆಗೆ ಉಳಿಯೋ ಉಸಿರಿನ ಸದ್ದು 'ಸ್'. ಆಲ್ಬಂಗೆ ಇದಕ್ಕಿಂತ ಸರಿಯಾದ ಹೆಸರು ಸಿಗೋದು ಕಷ್ಟ.

ಟೆಕ್ನೋ ಎಲ್ಲಿಯದು?

ಟೆಕ್ನೋ ಅಂದ್ರೆ ಯುರೋಪಿನ ಕ್ಲಬ್ಬುಗಳದ್ದು ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಹುಟ್ಟಿದ್ದು ಅಮೆರಿಕದ ಡೆಟ್ರಾಯ್ಟ್‌ನಲ್ಲಿ, 1980ರ ದಶಕದಲ್ಲಿ. ಹುವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಅನ್ನೋ ಮೂವರು ಕಪ್ಪು ಯುವಕರು ಹತ್ತಿರದ ಬೆಲ್‌ವಿಲ್ ಅನ್ನೋ ಊರಿನ ಹೈಸ್ಕೂಲ್ ಗೆಳೆಯರು. ಕಾರು ಕಾರ್ಖಾನೆಗಳು ಒಂದೊಂದಾಗಿ ಮುಚ್ಚುತ್ತಿದ್ದ ನಗರದಲ್ಲಿ ಕೂತು, ಯಂತ್ರಗಳಿಂದಲೇ ಹೊಸ ಸಂಗೀತ ಮಾಡಿದರು. 1988ರಲ್ಲಿ ಬ್ರಿಟನ್ನಿನಲ್ಲಿ ಅವರ ಟ್ರ್ಯಾಕ್‌ಗಳ ಒಂದು ಸಂಕಲನ ಬಂದಾಗ ಅದರ ಹೆಸರಿನಲ್ಲೇ 'ಟೆಕ್ನೋ' ಅನ್ನೋ ಪದ ಇತ್ತು. ಪದ ಅಲ್ಲಿಂದ ಎಲ್ಲ ಕಡೆ ಹರಡಿತು.

ಈ ಮೂವರಿಗೆ ಸ್ಫೂರ್ತಿ ಎಲ್ಲಿಂದ? ಒಂದು ಕಡೆ ಅಮೆರಿಕದ ಫಂಕ್, ಇನ್ನೊಂದು ಕಡೆ ರೇಡಿಯೋದಲ್ಲಿ ಕೇಳಿದ ಜರ್ಮನಿಯ ಕ್ರಾಫ್ಟ್‌ವರ್ಕ್ ಮತ್ತು ಯುರೋಪಿನ ಸಿಂಥ್ ಸಂಗೀತ. ಅಂದರೆ ಕ್ಲಾರ್ಕ್, ಗೋರ್ ತಲೆಮಾರಿನ ಸಿಂಥ್-ಪಾಪ್ ಇದ್ದ ಹೊಳೆಯ ನೀರೇ ಸಮುದ್ರ ದಾಟಿ ಡೆಟ್ರಾಯ್ಟ್‌ಗೆ ಹೋಗಿ, ಅಲ್ಲಿಯವರ ಕೈಯಲ್ಲಿ ಬೇರೆಯದೇ ಆಗಿ, ಬರ್ಲಿನ್, ಲಂಡನ್‌ಗೆ ವಾಪಸ್ ಬಂತು. 2012ರಲ್ಲಿ ಇವರಿಬ್ಬರು ಟೆಕ್ನೋ ಮಾಡೋದು ಅಂದ್ರೆ, ತಾವು ಕೊಟ್ಟ ಸಾಲ ವಸೂಲಿ ಮಾಡೋಕೆ ಹೋದಂತೆ ಅಲ್ಲ. ತಮ್ಮ ನಂತರ ಬಂದವರ ಶಾಲೆಗೆ ಹೋಗಿ ಕೊನೆ ಬೆಂಚಲ್ಲಿ ಕೂತಂತೆ. ಹೆಸರು ಮಾಡಿದವರು ಈ ಕೆಲಸ ಮಾಡೋದು ಅಪರೂಪ.

ಲ್ಯಾಬ್: ಟ್ರ್ಯಾಕ್ ಒಳಗೆ ಏನೇನಿದೆ

ಟೆಕ್ನೋ ಟ್ರ್ಯಾಕ್ ಬಿಚ್ಚಿ ನೋಡೋಣ. ಐದು ಭಾಗ ಸಾಕು.

*ಒಂದು, ಕಿಕ್.* 'ಧಂ ಧಂ ಧಂ ಧಂ' ಅಂತ ಒಂದೇ ಸಮ ಬರೋ ಡ್ರಮ್. ಲೆಕ್ಕಕ್ಕೆ ನಿಮಿಷಕ್ಕೆ 125 ಬೀಟ್ ಅಂತ ಇಟ್ಕೊಳ್ಳೋಣ. 60 ಭಾಗಿಸು 125, ಅಂದ್ರೆ ಒಂದು ಬೀಟ್‌ಗೆ 0.48 ಸೆಕೆಂಡ್, 480 ಮಿಲಿಸೆಕೆಂಡ್. ಪ್ರತಿ ಬೀಟನ್ನ ನಾಲ್ಕು ಭಾಗ ಮಾಡಿದ್ರೆ ಒಂದೊಂದು 120 ಮಿಲಿಸೆಕೆಂಡ್. ಇದಕ್ಕೆ ಸ್ಟೆಪ್ ಅಂತಾರೆ. ನಾಲ್ಕು ಬೀಟ್ ಸೇರಿ 16 ಸ್ಟೆಪ್, ಒಟ್ಟು 1.92 ಸೆಕೆಂಡ್. ಇದೇ ಒಂದು ಬಾರ್. ತಾಳ ಹಾಕಿ ಅಭ್ಯಾಸ ಇದ್ದವರಿಗೆ ಇದು ಆವರ್ತನೆ ಅಂತ ತಕ್ಷಣ ಹೊಳೆಯುತ್ತೆ. ಕಿಕ್ ಶಬ್ದ ಏನು ಅಂದ್ರೆ ಬರೀ ಒಂದು ಸೈನ್ ತರಂಗ. ಶುರುವಿನಲ್ಲಿ ಅದರ ಆವರ್ತ ಹೆಚ್ಚಿದ್ದು, ಕಣ್ಣು ಮಿಟುಕಿಸೋದರೊಳಗೆ 50 ಹರ್ಟ್ಸ್ ಹತ್ತಿರ ಬೀಳುತ್ತೆ. ಆ ಬೀಳೋದನ್ನೇ ನಮ್ಮ ಕಿವಿ 'ಹೊಡೆತ' ಅಂತ ಕೇಳುತ್ತೆ.

*ಎರಡು, ಆಸಿಲೇಟರ್.* ಫಂಕ್ಷನ್ ಜನರೇಟರ್ ಎಲ್ಲರೂ ಲ್ಯಾಬಿನಲ್ಲಿ ಮುಟ್ಟಿದ್ದೀವಿ. ಅದರ ನಾಬ್ ತಿರುಗಿಸಿ ಸ್ಪೀಕರ್‌ಗೆ ಕೊಟ್ರೆ ಅದೇ ಸಿಂಥ್‌ನ ಅರ್ಧ ಭಾಗ. 110 ಹರ್ಟ್ಸ್‌ನ ಸಾಟೂತ್ ತರಂಗ ತಗೊಳ್ಳಿ. ಫೂರಿಯೆ ಪ್ರಕಾರ ಅದರೊಳಗೆ 110, 220, 330, 440 ಹೀಗೆ ಎಲ್ಲ ಹಾರ್ಮೋನಿಕ್‌ಗಳೂ ಇವೆ, ಎನ್‌ನೇ ಹಾರ್ಮೋನಿಕ್‌ನ ಎತ್ತರ ಎನ್‌ನಲ್ಲಿ ಒಂದು ಭಾಗ. ಸ್ಕ್ವೇರ್ ತರಂಗದಲ್ಲಿ ಬೆಸ ಸಂಖ್ಯೆಯವು ಮಾತ್ರ: 110, 330, 550. ಅದಕ್ಕೇ ಸಾಟೂತ್ ಕಿವಿಗೆ ಝೇಂಕಾರದಂತೆ ತುಂಬಿ ಬರುತ್ತೆ, ಸ್ಕ್ವೇರ್ ಕೊಳವೆಯೊಳಗಿಂದ ಬಂದಂತೆ ಟೊಳ್ಳಾಗಿರುತ್ತೆ. ಪರೀಕ್ಷೆಗೆ ಬಾಯಿಪಾಠ ಮಾಡಿದ ಸರಣಿ ಕಿವಿಗೆ ಹೇಗೆ ಕೇಳುತ್ತೆ ಅಂತ ಗೊತ್ತಾಗೋದು ಇಲ್ಲೇ.

*ಮೂರು, ಫಿಲ್ಟರ್.* ಅಡುಗೆಮನೆಯ ಜರಡಿ ನೆನಪಿಸಿಕೊಳ್ಳಿ. ಲೋ-ಪಾಸ್ ಫಿಲ್ಟರ್ ಕಡಿಮೆ ಆವರ್ತಗಳನ್ನ ಬಿಟ್ಟು ಹೆಚ್ಚಿನವನ್ನ ತಡೆಯುತ್ತೆ. ಕಟಾಫ್ 300 ಹರ್ಟ್ಸ್‌ಗೆ ಇಟ್ರೆ ನಮ್ಮ 110ರ ಸಾಟೂತ್‌ನಲ್ಲಿ 110 ಮತ್ತು 220 ಚೆನ್ನಾಗಿ ದಾಟುತ್ತವೆ, ಉಳಿದವು ಮಂಕಾಗ್ತಾ ಹೋಗ್ತವೆ. ಕಟಾಫನ್ನ ನಿಧಾನಕ್ಕೆ 3000 ಹರ್ಟ್ಸ್‌ಗೆ ತೆರೆದ್ರೆ 27ನೇ ಹಾರ್ಮೋನಿಕ್‌ವರೆಗೂ ಒಂದೊಂದಾಗಿ ಒಳಗೆ ಬರುತ್ತವೆ. ಸ್ವರ ಬದಲಾಗಿಲ್ಲ, ಆದ್ರೂ ಯಾರೋ ಬಾಗಿಲು ತೆಗೆದಂತೆ ಕೇಳುತ್ತೆ. ಟೆಕ್ನೋದಲ್ಲಿ 'ಕಥೆ' ನಡೆಯೋದು ಮುಖ್ಯವಾಗಿ ಇದರಿಂದಲೇ. ಒಂದು ಆರ್‌ಸಿ ಹಂತ ಆಕ್ಟೇವ್‌ಗೆ 6 ಡೆಸಿಬೆಲ್ ಇಳಿಸುತ್ತೆ. ಮೂಗ್ ಸಿಂಥ್‌ನ ಪ್ರಸಿದ್ಧ ಲ್ಯಾಡರ್ ಫಿಲ್ಟರ್‌ನಲ್ಲಿ ನಾಲ್ಕು ಹಂತ, ಆದ್ದರಿಂದ 24 ಡೆಸಿಬೆಲ್.

*ನಾಲ್ಕು, ಎನ್ವೆಲಪ್.* ಶಬ್ದ ಎಷ್ಟು ಬೇಗ ಏಳುತ್ತೆ, ಎಷ್ಟು ಹೊತ್ತು ನಿಲ್ಲುತ್ತೆ, ಹೇಗೆ ಸಾಯುತ್ತೆ ಅನ್ನೋದು. ವೀಣೆಯ ತಂತಿ ಮೀಟಿದ್ರೆ ಥಟ್ಟನೆ ಎದ್ದು ಮೆಲ್ಲಗೆ ಕರಗುತ್ತೆ. ಕೊಳಲು ಉಸಿರಿರೋವರೆಗೂ ನಿಲ್ಲುತ್ತೆ. ಸಿಂಥ್‌ನಲ್ಲಿ ಅಟ್ಯಾಕ್, ಡಿಕೇ, ಸಸ್ಟೇನ್, ರಿಲೀಸ್ ಅನ್ನೋ ನಾಲ್ಕು ನಾಬ್‌ಗಳಿಂದ ಒಂದೇ ತರಂಗವನ್ನ ವೀಣೆಯ ಥರವೂ ಕೊಳಲಿನ ಥರವೂ ನಡೆಸಬಹುದು. ನಾಯ್ಸ್‌ಗೆ 40 ಮಿಲಿಸೆಕೆಂಡ್‌ನ ಗಿಡ್ಡ ಎನ್ವೆಲಪ್ ಹಾಕಿದ್ರೆ 'ತ್ಸ್' ಅಂತ ಹೈ-ಹ್ಯಾಟ್ ಸಿದ್ಧ. ನಮ್ಮ ಊಷ್ಮ ಮತ್ತೆ ಬಂತು ನೋಡಿ!

*ಐದು, ಸೀಕ್ವೆನ್ಸರ್.* 16 ಖಾನೆಗಳ ಒಂದು ಸಾಲು. ಯಾವ ಖಾನೆಯಲ್ಲಿ ಯಾವ ಸ್ವರ ಅಂತ ಇಟ್ಟುಬಿಟ್ರೆ ಅದು ಸುತ್ತುತ್ತಲೇ ಇರುತ್ತೆ. ಇಲ್ಲಿ ಒಂದು ಚಂದದ ಲೆಕ್ಕ ಇದೆ. ಕಿಕ್ 16 ಸ್ಟೆಪ್‌ನಲ್ಲಿ ಸುತ್ತಿ, ಬೇಸ್ ಲೈನ್ 12 ಸ್ಟೆಪ್‌ನಲ್ಲಿ ಸುತ್ತಿದ್ರೆ? ಎರಡೂ ಮತ್ತೆ ಒಟ್ಟಿಗೆ ಶುರುವಿಗೆ ಬರೋದು 48 ಸ್ಟೆಪ್‌ಗೊಮ್ಮೆ, ಅಂದರೆ 5.76 ಸೆಕೆಂಡ್‌ಗೊಮ್ಮೆ. 16 ಮತ್ತು 5 ಆದ್ರೆ 80 ಸ್ಟೆಪ್. ಲಸಾಅ, ಅಷ್ಟೇ! ಏಳನೇ ಕ್ಲಾಸಿನ ಗಣಿತ. ಎರಡು ಸರಳ ಸಾಲುಗಳಿಂದ ಕಿವಿಗೆ ಊಹಿಸೋಕಾಗದ ಉದ್ದನೆಯ ವಿನ್ಯಾಸ ಹುಟ್ಟುತ್ತೆ.

ಒಂದೇ ತಂತಿಯಾ, ಹಲವು ತಂತಿಯಾ?

ಕ್ಲಾರ್ಕ್ ಬಗ್ಗೆ ಎಲೆಕ್ಟ್ರಾನಿಕ್ಸ್‌ನವರು ಗಮನಿಸಬೇಕಾದ ಒಂದು ವಿಷಯ ಇದೆ. 1983ರಲ್ಲಿ ಮಿಡಿ ಅನ್ನೋ ಸ್ಟ್ಯಾಂಡರ್ಡ್ ಬಂತು. ಎಲ್ಲ ಕಂಪನಿಗಳ ಸಿಂಥ್‌ಗಳನ್ನ ಒಂದೇ ಭಾಷೆಯಲ್ಲಿ ಮಾತಾಡಿಸಿದ ದೊಡ್ಡ ಸಾಧನೆ ಅದು. ಆದ್ರೆ ಅದು ಸೀರಿಯಲ್. ವೇಗ ಸೆಕೆಂಡಿಗೆ 31,250 ಬಿಟ್. ಒಂದು ಸ್ವರ ಶುರು ಮಾಡು ಅನ್ನೋಕೆ 3 ಬೈಟ್. ಸ್ಟಾರ್ಟ್, ಸ್ಟಾಪ್ ಬಿಟ್ ಸೇರಿ ಬೈಟ್‌ಗೆ 10 ಬಿಟ್, ಒಟ್ಟು 30 ಬಿಟ್. ಭಾಗಿಸಿ ನೋಡಿ: 0.96 ಮಿಲಿಸೆಕೆಂಡ್. ಒಂದೇ ಕ್ಷಣದಲ್ಲಿ 8 ಸ್ವರ ಬಾರಿಸಬೇಕು ಅಂದ್ರೆ ಪ್ರತಿ ಮೆಸೇಜನ್ನೂ ಪೂರ್ತಿ ಕಳಿಸಿದಾಗ ಎಂಟನೆಯದು ಮುಗಿಯೋದು 7.68 ಮಿಲಿಸೆಕೆಂಡ್ ಆದ ಮೇಲೆ. ನಮ್ಮ ಸ್ಟೆಪ್ 120 ಮಿಲಿಸೆಕೆಂಡ್ ಇದ್ದಾಗ ಇದು ಶೇಕಡಾ 6ಕ್ಕೂ ಹೆಚ್ಚು. ಕ್ಯಾಂಟೀನಿನ ಕ್ಯೂ ಥರ, ಎಲ್ಲರಿಗೂ ಹಸಿವು ಒಂದೇ ಹೊತ್ತಿಗೆ, ತಟ್ಟೆ ಸಿಗೋದು ಒಬ್ಬೊಬ್ಬರಿಗೆ.

ಹಳೆಯ ಅನಲಾಗ್ ವಿಧಾನದಲ್ಲಿ ಈ ಕ್ಯೂ ಇಲ್ಲ. ಪ್ರತಿ ಸಿಂಥ್‌ಗೂ ಅದರದ್ದೇ ತಂತಿ. ಒಂದು ವೋಲ್ಟ್ ಏರಿಸಿದ್ರೆ ಒಂದು ಆಕ್ಟೇವ್ ಮೇಲೆ. ಆಕ್ಟೇವ್‌ನಲ್ಲಿ 12 ಸ್ವರಸ್ಥಾನ, ಆದ್ದರಿಂದ ಒಂದೊಂದಕ್ಕೆ ಸುಮಾರು 83 ಮಿಲಿವೋಲ್ಟ್. ಜೊತೆಗೆ ಯಾವಾಗ ಬಾರಿಸಬೇಕು ಅನ್ನೋಕೆ ಒಂದು ಗೇಟ್ ಸಿಗ್ನಲ್. ಸಮಯ ಖಡಕ್. 1991ರ ಎರೇಷರ್ ಆಲ್ಬಂ 'ಕೋರಸ್'ಗೆ ಕ್ಲಾರ್ಕ್ ಹಳೆಯ ಅನಲಾಗ್ ಸಿಂಥ್‌ಗಳನ್ನ ರೋಲ್ಯಾಂಡ್ ಎಂಸಿ-4 ಸೀಕ್ವೆನ್ಸರ್‌ನಿಂದ ಹೀಗೇ ನಡೆಸಿದರು. ಹೊಸದು ಬಂದ ತಕ್ಷಣ ಹಳೆಯದು ದಡ್ಡ ಅಲ್ಲ ಅನ್ನೋದಕ್ಕೆ ಇದೊಂದು ಒಳ್ಳೆಯ ಉದಾಹರಣೆ. ಪ್ರತಿ ಡಿಸೈನ್‌ಗೂ ಏನು ಕೊಟ್ಟೆ, ಏನು ಪಡೆದೆ ಅಂತ ಕೇಳಬೇಕು. ಮಿಡಿ ಕೊಟ್ಟದ್ದು ಅನುಕೂಲ, ತಗೊಂಡದ್ದು ಒಂದೆರಡು ಮಿಲಿಸೆಕೆಂಡ್. ಹೆಚ್ಚಿನವರಿಗೆ ಅದು ಲೆಕ್ಕಕ್ಕಿಲ್ಲ. ಬೀಟ್ ಬಿಟ್ಟರೆ ಬೇರೆ ಆಧಾರವೇ ಇಲ್ಲದ ಟೆಕ್ನೋದಲ್ಲಿ ಅದೇ ಎಲ್ಲಾ.

ಇಮೇಲ್‌ನಲ್ಲಿ ಆದ ಆಲ್ಬಂ

ಈಗ ಮೂವತ್ತು ವರ್ಷದ ಕಥೆಗೆ ಬರೋಣ. ಮಿನಿಮಲ್ ಟೆಕ್ನೋ ಕಡೆ ಮನಸ್ಸು ಹೋಗಿದ್ದ ಕ್ಲಾರ್ಕ್, ಗೋರ್‌ಗೆ ಒಂದು ಇಮೇಲ್ ಕಳಿಸಿದರು: ಒಂದು ಟೆಕ್ನೋ ಆಲ್ಬಂ ಮಾಡಬೇಕು ಅಂತಿದ್ದೀನಿ, ಸೇರ್ತೀಯಾ, ಒತ್ತಡ ಏನಿಲ್ಲ ಅನ್ನೋ ಅರ್ಥದಲ್ಲಿ. ಗೋರ್ ಒಪ್ಪಿದರು. ಆಗ ಇಬ್ಬರೂ ಇದ್ದದ್ದು ಅಮೆರಿಕದಲ್ಲಿ, ಆದ್ರೆ ದೇಶದ ಎರಡು ಕೊನೆಗಳಲ್ಲಿ: ಗೋರ್ ಕ್ಯಾಲಿಫೋರ್ನಿಯಾದಲ್ಲಿ, ಕ್ಲಾರ್ಕ್ ಪೂರ್ವ ತೀರದಲ್ಲಿ. ಒಬ್ಬರು ಒಂದು ಬೀಟ್ ಅಥವಾ ಬೇಸ್ ಮಾಡಿ ಫೈಲ್ ಕಳಿಸೋದು, ಇನ್ನೊಬ್ಬರು ಅದರ ಮೇಲೆ ಸೇರಿಸಿ ವಾಪಸ್ ಕಳಿಸೋದು. ಮುಖಾಮುಖಿ ಕೂತು ಈ ಬಗ್ಗೆ ಮಾತಾಡಿದ್ದು 2011ರ ಮೇ ತಿಂಗಳಲ್ಲಿ, ಲಂಡನ್ನಿನ ರೌಂಡ್‌ಹೌಸ್‌ನಲ್ಲಿ ಮ್ಯೂಟ್ ಕಂಪನಿಯ ಉತ್ಸವಕ್ಕೆ ಇಬ್ಬರೂ ಬಂದಾಗ. ಅಷ್ಟು ಹೊತ್ತಿಗೆ ಕೆಲಸ ನಡೀತಾನೇ ಇತ್ತು. ಆಮೇಲೆ 'ಕ್ಯೂ' ಅಂತ ಕರೆಯಲಾಗೋ ಟಿಮತಿ ವೈಲ್ಸ್ ಮಿಕ್ಸ್ ಮಾಡಿದರು. 'ಪೋಲ್' ಹೆಸರಲ್ಲಿ ಸಂಗೀತ ಮಾಡೋ ಸ್ಟೆಫಾನ್ ಬೆಟ್ಕೆ ಮಾಸ್ಟರ್ ಮಾಡಿದರು.

ಒಂದು ಕ್ಷಣ ಯೋಚಿಸಿ. ಇಪ್ಪತ್ತರ ವಯಸ್ಸಲ್ಲಿ ದೂರ ಆದ ಗೆಳೆಯನಿಗೆ ಐವತ್ತರಲ್ಲಿ ಏನಂತ ಬರೀತೀರಿ? ನೀನು ಯಾಕೆ ಹೋದೆ, ನಾನು ಯಾಕೆ ಕರೀಲಿಲ್ಲ ಅಂತ ಶುರು ಮಾಡಿದ್ರೆ ಅದು ಮುಗಿಯೋದೇ ಇಲ್ಲ. ಇವರು ಮಾತನ್ನ ಪಕ್ಕಕ್ಕಿಟ್ಟು ಕೆಲಸ ಕಳಿಸಿದರು. ಬಂದ ಫೈಲನ್ನ ತೆರೆದು, ಪೂರ್ತಿ ಕೇಳಿ, ಅದು ಕೆಡದಂತೆ ತನ್ನದನ್ನ ಸೇರಿಸೋದು ಇದೆಯಲ್ಲ, ಅದಕ್ಕಿಂತ ಒಳ್ಳೆಯ ಮಾತುಕತೆ ಯಾವುದು? ಸಾಹಿತ್ಯ ಇಲ್ಲದ ಆಲ್ಬಂ ಅಂತ ನಾವು ಶುರುವಿನಲ್ಲಿ ಹೇಳಿದ್ವಿ. ನಿಜ. ಆದ್ರೆ 'ಸಹಿತ' ಅನ್ನೋ ಪದದಿಂದ 'ಸಾಹಿತ್ಯ' ಬಂದದ್ದು, ಜೊತೆಗಿರುವಿಕೆ ಅನ್ನೋ ಅರ್ಥ ಅದರೊಳಗಿದೆ. ಆ ಅರ್ಥದಲ್ಲಿ ಇಲ್ಲಿ ಸಾಹಿತ್ಯ ಇದೆ.

ಕೇಳೋ ಕ್ರಮ

ಮೂರು ಸಲ ಕೇಳಿ ಅಂತ ನಮ್ಮ ಸಲಹೆ. ಪೂರ್ತಿ ಆಲ್ಬಂ ಬೇಡ, ಮೊದಲು 'ಸ್ಪಾಕ್' ಮತ್ತು 'ಸಿಂಗಲ್ ಬ್ಲಿಪ್' ಸಾಕು. ಆಲ್ಬಂಗಿಂತ ಮುಂಚೆ ಬಿಡಿಯಾಗಿ ಬಂದವು ಇವೇ.

ಮೊದಲ ಸಲ ಕಿಕ್ ಮಾತ್ರ ಕೇಳಿ. ಅದು ಎಲ್ಲಿ ನಿಲ್ಲುತ್ತೆ, ಎಲ್ಲಿ ವಾಪಸ್ ಬರುತ್ತೆ ಅಂತ ಬಾರ್ ಎಣಿಸಿ. ಹೆಚ್ಚಿನ ಬದಲಾವಣೆಗಳು 8 ಅಥವಾ 16 ಬಾರ್‌ನ ಅಂಚಿನಲ್ಲಿ ಬರ್ತವಾ ನೋಡಿ. ಎರಡನೇ ಸಲ ಕಿಕ್ ಬಿಟ್ಟು ಬೇರೆ ಒಂದೇ ಒಂದು ಶಬ್ದ ಹಿಡ್ಕೊಳ್ಳಿ, ಅದರ ಹಿಂದೆಯೇ ಹೋಗಿ. ಅದು ಮಸುಕಾಗಿದ್ದು ಬೆಳಕಾಗ್ತಿದ್ಯಾ? ಅದು ಫಿಲ್ಟರ್. ಗಿಡ್ಡ ಇದ್ದದ್ದು ಉದ್ದ ಆಗ್ತಿದ್ಯಾ? ಅದು ಎನ್ವೆಲಪ್. ಮೂರನೇ ಸಲ ಏನೂ ಎಣಿಸಬೇಡಿ, ಸುಮ್ಮನೆ ಕೇಳಿ. ಆಗ ಪೂರ್ತಿ ಆಲ್ಬಂಗೆ ಹೋಗಿ: 'ಲೋಲಿ'ಯಿಂದ ಶುರು, 'ಫ್ಲಕ್ಸ್'ನಲ್ಲಿ ಮುಗಿಯುತ್ತೆ. ನಡುವೆ ಒಂದು ಟ್ರ್ಯಾಕ್‌ಗೆ 'ಸ್ಕಿಪ್ ದಿಸ್ ಟ್ರ್ಯಾಕ್' ಅಂತ ಹೆಸರಿದೆ, ಇದನ್ನ ದಾಟಿಸಿ ಅಂತ! ದಾಟಿಸಬೇಡಿ.

ಮೆಚ್ಚದೆ ಇರೋದನ್ನೂ ಹೇಳಬೇಕು. ಕೆಲವು ಟ್ರ್ಯಾಕ್‌ಗಳು ಶುರುವಾದ ಜಾಗದಿಂದ ತುಂಬಾ ದೂರ ಹೋಗಲ್ಲ. ಡೆಟ್ರಾಯ್ಟ್‌ನವರ ಟ್ರ್ಯಾಕ್‌ಗಳಲ್ಲಿ ಇರೋ ಬಿಸಿ, ಅಲ್ಲಿಯ ನಗರದ ಒಂಟಿತನ ಇಲ್ಲಿ ಸಿಗಲ್ಲ. ಇದು ಆರಾಮಾಗಿರೋ ಇಬ್ಬರು ಆಟ ಆಡಿದ ಆಲ್ಬಂ. ಟೆಕ್ನೋ ಗೊತ್ತಾಗೋಕೆ ಇದೊಂದೇ ಸಾಲದು, ಆಟ್ಕಿನ್ಸ್, ಮೇ, ಸಾಂಡರ್ಸನ್ ಕೇಳಲೇಬೇಕು.

ಇನ್ನೊಂದು ಆಕ್ಷೇಪ ಎಲ್ಲರ ಬಾಯಲ್ಲೂ ಇದೆ: "ಇದೆಲ್ಲ ಮಷಿನ್ ಮಾಡುತ್ತೆ, ಬಟನ್ ಒತ್ತಿದ್ರೆ ಆಯ್ತು." ನಿಜ, ಸೀಕ್ವೆನ್ಸರ್ ತಾನೇ ಸುತ್ತುತ್ತೆ. ಆದ್ರೆ 16 ಖಾನೆಗಳಲ್ಲಿ ಪ್ರತಿಯೊಂದನ್ನೂ ತುಂಬೋದು ಅಥವಾ ಖಾಲಿ ಬಿಡೋದು ಅಂತ ಇಟ್ರೂ 65,536 ಸಾಧ್ಯತೆಗಳಿವೆ, 2ರ ಘಾತ 16. ಅದರಲ್ಲಿ ಕೇಳೋಕೆ ಯೋಗ್ಯವಾದದ್ದು ಯಾವುದು ಅಂತ ಮಷಿನ್‌ಗೆ ಗೊತ್ತಿಲ್ಲ. ಆರಿಸೋದು, ಉಳಿದವನ್ನ ಬಿಡೋದು, ಬಿಟ್ಟ ಮೇಲೆ ಸುಮ್ಮನಿರೋದು, ಇದು ಕಲೆಗಾರರ ಕೆಲಸ. ಕೋಡ್ ಬರೆದುಕೊಡೋ ಟೂಲ್‌ಗಳು ಬಂದಿರೋ ಈ ಕಾಲದಲ್ಲಿ ಎಂಜಿನಿಯರ್‌ಗಳ ಕೆಲಸವೂ ಅದೇ ಅಲ್ವಾ?

ಆಮೇಲೆ

ಈ ಜೋಡಿ ಇನ್ನೊಂದು ಆಲ್ಬಂ ಮಾಡಲಿಲ್ಲ. ಆದ್ರೆ ಪದವಿಲ್ಲದ ದಾರಿ ಇಬ್ಬರನ್ನೂ ಬಿಡಲಿಲ್ಲ. ಗೋರ್ 2015ರಲ್ಲಿ 'ಎಂಜಿ' ಅನ್ನೋ ವಾದ್ಯ ಆಲ್ಬಂ ತಂದರು. ಕ್ಲಾರ್ಕ್ 2023ರಲ್ಲಿ 'ಸಾಂಗ್ಸ್ ಆಫ್ ಸೈಲೆನ್ಸ್' ತಂದರು. ಅದರಲ್ಲಿ ಅವರು ತಮಗೆ ತಾವೇ ಹಾಕಿಕೊಂಡ ನಿಯಮ, ಪ್ರತಿ ಟ್ರ್ಯಾಕೂ ಒಂದೇ ಸ್ವರವನ್ನ ಆಧಾರವಾಗಿ ಇಟ್ಕೊಳ್ಳಬೇಕು. ತಂಬೂರಿಯ ಶ್ರುತಿ ಕೇಳಿ ಬೆಳೆದವರಿಗೆ ಆ ಆಲ್ಬಂ ಪರಿಚಯದ್ದು ಅನ್ಸುತ್ತೆ. 2020ರಲ್ಲಿ ಡಿಪೆಶ್ ಮೋಡ್‌ಗೆ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಬಂದಾಗ, ಒಂದೇ ಆಲ್ಬಂ ಮಾಡಿ ಹೋಗಿದ್ದ ಕ್ಲಾರ್ಕ್ ಹೆಸರೂ ಗೋರ್ ಹೆಸರಿನ ಜೊತೆಗೇ ಇತ್ತು.

ಮನೆಗೆಲಸ

ಪೈಥಾನ್ ಅಥವಾ ಆಕ್ಟೇವ್‌ನಲ್ಲಿ ಒಂದು ಬಾರ್ ಟೆಕ್ನೋ ಮಾಡಿ. ಸ್ಯಾಂಪಲ್ ರೇಟ್ 44,100. 125 ಬಿಪಿಎಂನಲ್ಲಿ ಒಂದು ಸ್ಟೆಪ್ 5,292 ಸ್ಯಾಂಪಲ್, 16 ಸ್ಟೆಪ್ ಸೇರಿ 84,672. ಅಷ್ಟುದ್ದದ ಸೊನ್ನೆಗಳ ಅರೇ ತಗೊಳ್ಳಿ.

ಕಿಕ್: ಆವರ್ತವನ್ನ 150ರಿಂದ 50 ಹರ್ಟ್ಸ್‌ಗೆ ಬೇಗ ಇಳಿಸಿ. ಒಂದು ಎಚ್ಚರಿಕೆ, ಬದಲಾಗೋ ಆವರ್ತವನ್ನ ನೇರ ಸಮಯದಿಂದ ಗುಣಿಸಿ ಸೈನ್‌ಗೆ ಕೊಡಬೇಡಿ. ಪ್ರತಿ ಸ್ಯಾಂಪಲ್‌ನ ಫೇಸ್ ಬದಲಾವಣೆಯನ್ನ ಕೂಡಿಸ್ತಾ ಹೋಗಿ, ಆ ಮೊತ್ತದ ಸೈನ್ ತಗೊಳ್ಳಿ. ಇದನ್ನ 1, 5, 9, 13ನೇ ಸ್ಟೆಪ್‌ನಲ್ಲಿ ಇಡಿ.

ಹೈ-ಹ್ಯಾಟ್: ರ್‍ಯಾಂಡಮ್ ಸಂಖ್ಯೆಗಳು. ಪಕ್ಕಪಕ್ಕದ ಎರಡರ ವ್ಯತ್ಯಾಸ ತಗೊಂಡ್ರೆ ಅದೇ ಸರಳ ಹೈ-ಪಾಸ್. 3, 7, 11, 15ರಲ್ಲಿ ಇಡಿ.

ಬೇಸ್: 55 ಹರ್ಟ್ಸ್ ಸಾಟೂತ್. ಫಿಲ್ಟರ್‌ಗೆ ಈ ಒಂದು ಸಾಲು: ಹೊಸ ಔಟ್‌ಪುಟ್ = ಹಳೆಯ ಔಟ್‌ಪುಟ್ + ಎ × (ಇನ್‌ಪುಟ್ − ಹಳೆಯ ಔಟ್‌ಪುಟ್). ಎ ಬೆಲೆ ಸೊನ್ನೆಗೂ ಒಂದಕ್ಕೂ ನಡುವೆ. ಬಾರ್‌ನಿಂದ ಬಾರ್‌ಗೆ ಅದನ್ನ ಸ್ವಲ್ಪ ಸ್ವಲ್ಪ ಏರಿಸಿ, ಬಾಗಿಲು ತೆರೆಯೋದು ಕೇಳಿ.

ಮಾಡಿ ಆದ ಮೇಲೆ ಫೈಲನ್ನ ನಿಮ್ಮಲ್ಲೇ ಇಟ್ಕೊಬೇಡಿ. ಬೇರೆ ಬ್ರಾಂಚಿನ ಗೆಳೆಯನಿಗೋ, ಮಾತು ಬಿಟ್ಟ ಹಳೆಯ ಗೆಳತಿಗೋ ಕಳಿಸಿ. ಜೊತೆಗೆ ಉದ್ದನೆಯ ಮೆಸೇಜ್ ಏನೂ ಬೇಡ. ಇದರ ಮೇಲೆ ನಿಂದೇನಾದ್ರೂ ಸೇರಿಸಿ ಕಳಿಸು ಅಂತಷ್ಟೇ ಬರೀರಿ.